ಡಿಕ್ರಿಗೆ ಸೂತಕವಿಲ್ಲ

ದಾವೆ ಗೆದ್ದವರನ್ನು ನಾನು ಈಗ ಅಭಿನಂದಿಸುವುದಿಲ್ಲ. ಶಿರಸಿಯ ಪೇಟೆಯಲ್ಲಾಗಲಿ, ಸಿದ್ದಾಪುರದ ಬಸ್ ನಿಲ್ದಾಣದಲ್ಲಾಗಲಿ, ಯಲ್ಲಾಪುರದ ಯಾವುದೋ ಮದುವೆಯ ಪಂಕ್ತಿಯಲ್ಲಾಗಲಿ ಪರಿಚಿತರೊಬ್ಬರು ಮುಖ ಅರಳಿಸಿಕೊಂಡು 'ಕೋರ್ಟಿನಲ್ಲಿ ನಮ್ಮ ಕಡೆ ಆಯಿತು' ಎಂದರೆ, 'ಡಿಕ್ರಿಯ ನಕಲು ತೆಗೆದಿರಾ?' ಎಂದು ಕೇಳುತ್ತೇನೆ. ಅರಳಿದ ಮುಖ ಸಣ್ಣದಾಗುತ್ತದೆ. ತೀರ್ಪು ಬಂದ ಮೇಲೆ ಇನ್ನೆಂಥ ಡಿಕ್ರಿ ಎಂದು ಕೆಲವರು ಬಾಯಿಬಿಟ್ಟೇ ಕೇಳುತ್ತಾರೆ. ಅವರ ಮೇಲೆ ನನಗೆ ಸಿಟ್ಟು ಬರುತ್ತದೆ. ಬಂದ ಸಿಟ್ಟು ಅಲ್ಲಿ ನಿಲ್ಲದೆ ನನ್ನ ಮೇಲೆಯೇ ತಿರುಗುತ್ತದೆ. ಏಕೆಂದರೆ ಗುರುಗಳ ಎದುರು ಕುಳಿತು ಮೀಮಾಂಸೆಯ ಮೊದಲ ಪಾಠಗಳನ್ನು ಕಲಿತವನು, ಆಮೇಲೆ ಮೂರು ದಶಕ ಪ್ರೌಢಶಾಲೆಯಲ್ಲಿ ಸಂಸ್ಕೃತ ಹೇಳಿದವನು ನಾನು. ಅಂಥ ನಾನೇ ಸುಮಾರು ಮೂರು ವರ್ಷ ಇದೇ ಅಜ್ಞಾನದಲ್ಲಿ ನೆಮ್ಮದಿಯಿಂದ ಕುಳಿತಿದ್ದೆ. ಆ ನೆಮ್ಮದಿಯ ಬೆಲೆಯನ್ನು ತೆತ್ತವಳು ಮಾತ್ರ ನನ್ನ ತಂಗಿ.

ನಮ್ಮ ಹಿರಿಯರಿಗೆ ಈ ಭೇದ ಗೊತ್ತಿತ್ತು. ಜಿಲ್ಲೆ ಮುಂಬಯಿ ಆಡಳಿತಕ್ಕೆ ಸೇರಿದ್ದ ಕಾಲದ ಮಾತುಗಳು ಅವರ ಬಾಯಲ್ಲಿ ಉಳಿದಿದ್ದವು. ತೀರ್ಪಿಗೆ ಅವರು ನಿಕಾಲು ಎನ್ನುತ್ತಿದ್ದರು, ಡಿಕ್ರಿಗೆ ಹುಕುಂನಾಮೆ. ಕೋರ್ಟಿನಿಂದ ಯಾರಾದರೂ ಬಂದರೆ ನಮ್ಮ ಅಜ್ಜ ಮೊದಲು 'ನಿಕಾಲು ಆತನೋ?' ಎಂದು ಕೇಳಿ, ಹೌದೆಂದರೆ ಸ್ವಲ್ಪ ಹೊತ್ತು ಬಿಟ್ಟು 'ಹುಕುಂನಾಮೆ ಕೈಗೆ ಬಂತನೋ?' ಎಂದು ಮತ್ತೊಮ್ಮೆ ಕೇಳುತ್ತಿದ್ದ. ಮುದುಕರು ಒಂದನ್ನೇ ಎರಡು ಸಲ ಕೇಳುತ್ತಾರೆಂದು ನಾವು ನಗುತ್ತಿದ್ದೆವು. ಅವನು ಕೇಳುತ್ತಿದ್ದುದು ಎರಡು ಬೇರೆ ಪ್ರಶ್ನೆಗಳೆಂದು ತಿಳಿಯಲು ನನಗೆ ಎಪ್ಪತ್ತು ದಾಟಬೇಕಾಯಿತು.

ತಂಗಿಯನ್ನು ಕೊಟ್ಟದ್ದು ಸಿದ್ದಾಪುರ ತಾಲೂಕಿನ ಹೆಗ್ಗರಣೆಯ ಕಡೆಗೆ. ಅವಳ ಗಂಡ ತೀರಿಕೊಂಡು ಬಹಳ ವರ್ಷವಾಯಿತು. ಮಗ, ಸೊಸೆ, ಮೊಮ್ಮಕ್ಕಳೊಂದಿಗೆ ಇದ್ದಾಳೆ. ಅವಳ ಮನೆಗೂ ಡಾಂಬರು ರಸ್ತೆಗೂ ನಡುವೆ ಅವಳ ಗಂಡನ ದೊಡ್ಡಪ್ಪನ ಮಗನ ಮನೆ. ಆ ಮನೆಯ ಅಂಗಳದ ಅಂಚಿನಲ್ಲೇ ತಲೆಮಾರುಗಳಿಂದ ಎತ್ತಿನ ಗಾಡಿ ಓಡಾಡಿದ ದಾರಿಯಿತ್ತು. ಅವರು ಅಂಗಳ ಹಿಗ್ಗಿಸಿ, ನೆಲಕ್ಕೆ ಹಂಚು ಹಾಕಿಸಿ, ದಾರಿಗೆ ಅಡ್ಡವಾಗಿ ಚಿರೆಕಲ್ಲಿನ ಪಾಗಾರದ ಗೋಡೆ ಎಬ್ಬಿಸಿದರು. ನಡುವೆ ಎರಡಡಿಯ ಒಂದು ಸಂದಿ ಬಿಟ್ಟರು. ಕೇಳಲು ಹೋದ ನನಗೆ ಕುಡಿಯಲು ಕಷಾಯ ಕೊಟ್ಟು, ಬಹಳ ಸೌಮ್ಯವಾಗಿ ಉತ್ತರಿಸಿದರು:

"ಮನುಷ್ಯರು ಹೋಪಲೆ ಇಷ್ಟು ಸಾಕಲ, ಮಾಸ್ತರ್ರೇ? ಆ ಮನೆಲಿ ಈಗ ಗಾಡಿನೂ ಇಲ್ಲೆ, ಎತ್ತೂ ಇಲ್ಲೆ."

ತಂಗಿಯ ಮಗನಾದ ಅಳಿಯನಿಗೆ ಕೋರ್ಟು ಎಂದರೆ ಚಳಿ. ಹಾಗಾಗಿ ತಂಗಿಯ ಹೆಸರಿನಲ್ಲಿ ಸಿದ್ದಾಪುರದ ಕೋರ್ಟಿಗೆ ದಾವೆ ಹಾಕಿಸಿ, ಓಡಾಟವನ್ನು ನಾನು ಹೊತ್ತುಕೊಂಡೆ. ವಕೀಲ ನನ್ನ ಹಳೆಯ ವಿದ್ಯಾರ್ಥಿ. ಬನವಾಸಿ ಕಡೆಯ ರೈತರ ಮಗ, ಶಬ್ದರೂಪಗಳನ್ನು ತಪ್ಪಿಲ್ಲದೆ ಹೇಳುತ್ತಿದ್ದವನು. ಐದು ವರ್ಷ ನಡೆದ ಆ ದಾವೆಯಲ್ಲಿ ವಿಚಾರಣೆ ನಡೆದ ದಿನಗಳಿಗಿಂತ ವಾಯಿದೆ ಬಿದ್ದ ದಿನಗಳೇ ಹೆಚ್ಚು. ಒಂದು ದಿನ ನ್ಯಾಯಾಧೀಶರು ರಜೆ, ಮತ್ತೊಂದು ದಿನ ಎದುರಿನ ವಕೀಲರಿಗೆ ಜ್ವರ, ಇನ್ನೊಂದು ದಿನ ಸಾಕ್ಷಿ ಹೇಳಬೇಕಾದವರ ಮನೆಯಲ್ಲಿ ಶ್ರಾದ್ಧ. ವಾಯಿದೆಯ ಹಿಂದಿನ ದಿನವೇ ನಾನು ಶಿರಸಿಯಿಂದ ಹೋಗಿ ತಂಗಿಯ ಮನೆಯಲ್ಲಿ ಉಳಿಯುತ್ತಿದ್ದೆ. ಮರುದಿನ ಬೆಳಗಿನ ಬಸ್ಸಿಗೆ ಪ್ರತಿವಾದಿಯೂ ನಾನೂ ಒಂದೇ ಕಡೆ ಕೈ ಒಡ್ಡುತ್ತಿದ್ದೆವು, ಏಕೆಂದರೆ ಇರುವುದು ಒಂದೇ ಬಸ್ಸು. ಅವರು ಮೊದಲು ಹತ್ತಿ, ಪಕ್ಕದಲ್ಲಿ ಕೈಚೀಲ ಇಟ್ಟು ನನಗೆ ಜಾಗ ಹಿಡಿಯುತ್ತಿದ್ದರು.

"ಬನ್ನಿ ಮಾಸ್ತರ್ರೇ, ಕೂತ್ಕಳಿ. ನಿಂತ್ಕಂಡು ಹೋದ್ರೂ ವಾಯ್ದೆಯೇ, ಕೂತ್ಕಂಡು ಹೋದ್ರೂ ವಾಯ್ದೆಯೇ."

ದ್ವೇಷಿಸಲು ಬಾರದ ಎದುರಾಳಿಯಂಥ ಪೀಡೆ ಇನ್ನೊಂದಿಲ್ಲ.

ಕೊನೆಗೆ ತೀರ್ಪು ನಮ್ಮ ಕಡೆ ಬಂತು. ನ್ಯಾಯಾಧೀಶರು ಕನ್ನಡದಲ್ಲಿಯೇ ಬರೆದಿದ್ದರು. ವಾದಿಯ ಕಥನ, ಪ್ರತಿವಾದಿಯ ಕಥನ, ವಿವಾದಾಂಶಗಳು, ಒಂದೊಂದಕ್ಕೂ ಸಾಕ್ಷ್ಯ, ಕಾರಣ, ನಿರ್ಣಯ. ನಕಲು ಕೈಗೆ ಬಂದಾಗ ನಾನು ಕೋರ್ಟಿನ ಜಗಲಿಯಲ್ಲೇ ಕುಳಿತು ಓದಿದೆ. ಪೂರ್ವಪಕ್ಷವನ್ನು ಮೊದಲು ಪೂರ್ತಿಯಾಗಿ ಮಂಡಿಸಿ, ಆಮೇಲೆ ಅದನ್ನು ತಾಳ್ಮೆಯಿಂದ ಬಿಡಿಸಿ, ಸಿದ್ಧಾಂತಕ್ಕೆ ಬಂದು ನಿಲ್ಲುವ ಕ್ರಮ ಅಲ್ಲಿ ಅಚ್ಚುಕಟ್ಟಾಗಿತ್ತು. ನನಗೆ ಆನಂದವಾಯಿತು. ವಕೀಲ ಪಕ್ಕದಲ್ಲಿ ನಿಂತು ಏನೋ ಹೇಳುತ್ತಿದ್ದ:

"ಗೆದ್ವಿ ಮಾಸ್ತರ್ರೇ. ಡಿಕ್ರಿ ಬರೆದಾಗ್ಲಿ, ಹದಿನೈದು ದಿನ ಬಿಟ್ಟು ಒಂದ್ಸಲ ಬನ್ನಿ. ಮರೀಬೇಡಿ."

ನನ್ನ ಕಿವಿಗೆ ಬಿದ್ದದ್ದು 'ಗೆದ್ವಿ' ಒಂದೇ.

ಆಮೇಲೆ ನಾವು ಮಾಡಿದ್ದನ್ನು ಈಗ ಬರೆಯುವಾಗ ಕೈ ತಡೆಯುತ್ತದೆ. ತೀರ್ಪಿನ ನಕಲನ್ನು ತಂಗಿಯ ಮನೆಗೆ ಒಯ್ದು, ದೇವರ ಪೀಠದ ಕೆಳಗಿಟ್ಟು, ಅರಿಸಿನ ಕುಂಕುಮ ಹಚ್ಚಿ, ಸತ್ಯನಾರಾಯಣ ಪೂಜೆ ಮಾಡಿದೆವು. ಸಂಕಲ್ಪ ಹೇಳಿಸಿದವನು ನಾನೇ. ಊರವರಿಗೆಲ್ಲ ಊಟದ ಹೇಳಿಕೆ ಹೋಯಿತು. ಒಂದೇ ಕುಲದವರಾದ್ದರಿಂದ ಪ್ರತಿವಾದಿಗೂ ಹೋಯಿತು. ಅವರು ಸಂದಿಯಲ್ಲಿ ಶಲ್ಯ ತಾಗದಂತೆ ಎತ್ತಿ ಹಿಡಿದುಕೊಂಡು ಬಂದು, ಮುಂದಿನ ಸಾಲಿನಲ್ಲಿ ಕುಳಿತು ಊಟ ಮಾಡಿ, ಕೈ ತೊಳೆದುಕೊಂಡು ಹೇಳಿದರು:

"ಒಳ್ಳೇದಾತು. ಎನ್ನ ವಕೀಲಂಗೂ ಒಂದು ಪೊಟ್ಟಣ ಪ್ರಸಾದ ಕಟ್ಟಿ ಕೊಡಿ. ಸೋತು ಸೊರಗಿದ್ದ."

ಎಲ್ಲರೂ ನಕ್ಕರು, ನಾನೂ ನಕ್ಕೆ. ಅವರು ಮೇಲಿನ ಕೋರ್ಟಿಗೆ ಹೋಗಲಿಲ್ಲ. ಆ ಮೌನವನ್ನು ನಾನು ಒಪ್ಪಿಗೆಯೆಂದು ತಿಳಿದೆ. ಏಕಾದಶಿ ಇಂದೋ ನಾಳೆಯೋ ಎಂಬ ಸಂದೇಹ ಬಂದು ತಿಳಿದವರು ನಿರ್ಣಯ ಕೊಟ್ಟ ಮೇಲೆ ಯಾರಾದರೂ ಮತ್ತೆ ಅದನ್ನು ಜಾರಿಗೆ ತನ್ನಿ ಎಂದು ಅರ್ಜಿ ಹಾಕುವುದುಂಟೇ? ಎಲ್ಲರೂ ಆ ದಿನ ಉಪವಾಸ ಇರುತ್ತಾರೆ, ಅಷ್ಟೆ. ನಾನು ಬಲ್ಲ ನಿರ್ಣಯ ಅದೊಂದೇ ಬಗೆಯದು.

ಪಾಗಾರ ಮಾತ್ರ ನಿಂತೇ ಇತ್ತು. ತಂಗಿ ಮೊದಮೊದಲು ಹಾಸ್ಯ ಮಾಡಿದಳು.

"ಗೋಡೆ ತೆಗೆಯವು ಹೇಳಿ ತೀರ್ಪಲ್ಲಿ ಇದ್ದಡ, ಅಣ್ಣಯ್ಯ. ಗೋಡೆಗೆ ಅದು ಗೊತ್ತಾಯ್ದಿಲ್ಲೆ ಕಾಣ್ತು."

"ತಡಿಯೇ, ಪಿತೃಪಕ್ಷ ಮುಗೀಲಿ. ಶುಭದಿನ ನೋಡಿ ಹೇಳ್ತೆ."

ಪಿತೃಪಕ್ಷ ಮುಗಿದು ನವರಾತ್ರಿ ಬಂತು. ಮೂಲಾ ನಕ್ಷತ್ರದ ದಿನ ಪುಸ್ತಕಗಳನ್ನೆಲ್ಲ ಶಾರದೆಯ ಮುಂದೆ ಜೋಡಿಸುವಾಗ ತಂಗಿಯ ಸೊಸೆ ಆ ತೀರ್ಪನ್ನೂ ಅವುಗಳೊಂದಿಗೆ ಸೇರಿಸಿದಳು. ಪೂಜೆಗಿಟ್ಟ ಪುಸ್ತಕವನ್ನು ವಿಸರ್ಜನೆಯ ತನಕ ಓದಬಾರದು, ಓದಲಿಲ್ಲ. ವಿಸರ್ಜನೆಯಾದ ಮೇಲೂ ಓದಲಿಲ್ಲ. ಆಮೇಲೆ ಕುಲದಲ್ಲಿ ಒಂದು ಹೆರಿಗೆ, ಅದರ ಮೈಲಿಗೆ. ಮುಂದಿನ ವರ್ಷ ಅಧಿಕಮಾಸ. ಆಮೇಲೆ ಮತ್ತೆ ಪಿತೃಪಕ್ಷ. ಕೇಳಿದಾಗಲೆಲ್ಲ ಪಂಚಾಂಗ ತೆರೆದು ಒಂದು ಅಡ್ಡಿಯನ್ನು ತೋರಿಸುವ ಕೆಲಸವನ್ನು ನಾನು ನಿಷ್ಠೆಯಿಂದ ಮಾಡಿದೆ. ಪಂಚಾಂಗದಲ್ಲಿ ಅಡ್ಡಿ ಹುಡುಕುವವನಿಗೆ ಅಡ್ಡಿ ಸಿಗದ ತಿಂಗಳಿಲ್ಲ. ಮೂರು ನವರಾತ್ರಿಗಳಲ್ಲಿ ಆ ತೀರ್ಪಿಗೆ ಷೋಡಶೋಪಚಾರ ಪೂಜೆ ಸಂದಿತು. ಅದು ಹೇಳಿದ ಕೆಲಸವೊಂದು ಬಿಟ್ಟು ಉಳಿದುದೆಲ್ಲ ನಡೆಯಿತು.

ಹೀಗಿರುವಾಗ ತಂಗಿಯ ಮೊಣಕಾಲುಗಳೆರಡೂ ಕೈಕೊಟ್ಟವು. ಎರಡನ್ನೂ ಬದಲಿಸಬೇಕು, ಮೊದಲು ಬಲಗಾಲು, ಕೆಲವು ತಿಂಗಳ ನಂತರ ಎಡಗಾಲು ಎಂದು ವೈದ್ಯರು ಹೇಳಿದರು. ಬಲಗಾಲಿನ ಶಸ್ತ್ರಕ್ರಿಯೆ ಹುಬ್ಬಳ್ಳಿಯಲ್ಲಾಯಿತು. ಕರೆತಂದ ಕಾರು ಪಾಗಾರದ ಎದುರು ನಿಂತಿತು. ಅಳಿಯನೂ ಪಕ್ಕದೂರಿನ ಇಬ್ಬರೂ ಸೇರಿ ಅವಳನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಎತ್ತಿಕೊಂಡರು. ಸಂದಿಯಲ್ಲಿ ಕುರ್ಚಿ ಹಿಡಿಸಲಿಲ್ಲ. ನೇರವಾಗಿ ನೋಡಿದರು, ಓರೆಯಾಗಿ ನೋಡಿದರು, ಪಾಗಾರದ ಮೇಲಿಂದ ದಾಟಿಸುವ ಮಾತೂ ಬಂತು.

"ಇಳಿಸಿ," ಎಂದಳು ತಂಗಿ. "ಆನು ಏಡಿ ಹಾಂಗೆ ಅಡ್ಡಡ್ಡ ಹೋಗ್ತೆ."

ಹೊಲಿಗೆ ಬಿಚ್ಚದ ಕಾಲನ್ನು ನೆಲಕ್ಕೆ ಊರಿ, ಎರಡೂ ಕೈಯಿಂದ ಚಿರೆಕಲ್ಲನ್ನು ತಬ್ಬಿ, ಅವಳು ಆ ಸಂದಿಯನ್ನು ಅಂಗುಲ ಅಂಗುಲವಾಗಿ ದಾಟಿದಳು. ಪ್ರತಿವಾದಿ ತಮ್ಮ ಜಗಲಿಯಿಂದ ಎದ್ದು ನಿಂತು, ನಿಜವಾದ ಕಳವಳದಿಂದಲೇ ಕೂಗಿದರು: "ಉಷಾರು, ಉಷಾರು! ಕಲ್ಲು ತಾಗ್ತು!"

"ಕಲ್ಲು ಯಾರದ್ದು, ಭಾವ?" ಎಂದಳು, ತಿರುಗಿ ನೋಡದೆ.

ಮನೆಯೊಳಗೆ ಮಂಚದ ಮೇಲೆ ಮಲಗಿಸಿದ ಮೇಲೆ ಅವಳು ನನ್ನನ್ನು ಕರೆದು ಹೇಳಿದ್ದು ಒಂದೇ ಮಾತು. "ಎಡಗಾಲಿಂದು ಬೇಡ, ಅಣ್ಣಯ್ಯ. ಆ ಸಂದಿಲಿ ಇನ್ನೊಂದು ಸಲ ಯಂಗೆ ಆಗ್ತಿಲ್ಲೆ. ದಾರಿ ಬಿಟ್ರೆ ಮಾಡಿಸ್ಕತ್ತೆ. ಬಿಡದಿದ್ರೆ ಒಂದೇ ಕಾಲಲ್ಲಿ ಕೂತ್ಕತ್ತೆ."

ಅವಳ ಮಾತು ಬದಲಾಗುವುದಿಲ್ಲವೆಂದು ನನಗೆ ಗೊತ್ತು. ದೇವರ ಕೋಣೆಯಿಂದ ಆ ನಕಲನ್ನು ಎತ್ತಿಕೊಂಡು ಮರುದಿನ ಬೆಳಿಗ್ಗೆ ಸಿದ್ದಾಪುರಕ್ಕೆ ಹೋದೆ. ವಕೀಲ ಇನ್ನೂ ಬಂದಿರಲಿಲ್ಲವಾದ್ದರಿಂದ ನೇರವಾಗಿ ಕೋರ್ಟಿನ ನಕಲು ವಿಭಾಗಕ್ಕೆ ಹೋಗಿ, ಈ ತೀರ್ಪನ್ನು ನಡೆಸಿಕೊಡಬೇಕೆಂದು ಅಲ್ಲಿನ ಗುಮಾಸ್ತನ ಮುಂದಿಟ್ಟೆ. ಹಾವೇರಿ ಕಡೆಯವನು; ಒಳ್ಳೆಯ ಮನುಷ್ಯ. ಮೊದಲ ಪುಟ ಎರಡನೆಯದಕ್ಕೆ ಎಣ್ಣೆಯಿಂದ ಅಂಟಿತ್ತು. ಬೆರಳಿಗೆ ಹತ್ತಿದ ಕುಂಕುಮವನ್ನು ಅವನು ನೋಡಿಕೊಂಡ.

"ಕುಂದರ್ರಿ ಅಜ್ಜಾರ. ಇದು ಜಜ್‌ಮೆಂಟ್ ನಕಲು. ಡಿಕ್ರಿ ಬ್ಯಾರೆ ಇರ್ತೈತಿ. ಡಿಕ್ರಿಗೆ ನೀವು ಅರ್ಜೀನ ಹಾಕಿಲ್ಲಲ್ರೀ?"

"ಇದರಲ್ಲೇ ಎಲ್ಲ ಇದೆಯಲ್ಲ?"

"ಇದ್ರಾಗ ಯಾಕಂತ ಐತ್ರೀ. ಏನು ಮಾಡ್ಬೇಕಂತ ಅದ್ರಾಗ ಇರ್ತೈತಿ. ಇಷ್ಟು ದಿನ ಇದನ್ನಿಟ್ಕೊಂಡು ಏನ್ ಮಾಡಿದ್ರಿ?"

"ಪೂಜೆ ಮಾಡಿದೆವು."

"ಯಾರಿಗ್ರೀ?"

"ಇದಕ್ಕೇ."

ಅವನು ನಗಲಿಲ್ಲ. ನಕ್ಕಿದ್ದರೆ ಎಷ್ಟೋ ಚೆನ್ನಾಗಿತ್ತು. ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು, ಕಣ್ಣಿಗೊತ್ತಿಕೊಂಡು, ನನಗೆ ವಾಪಸು ಕೊಟ್ಟ.

ವಕೀಲ ಬಂದವನೇ ತೀರ್ಪಿನ ತಾರೀಖು ನೋಡಿ, ಗೋಡೆಯ ಕ್ಯಾಲೆಂಡರಿನ ಹಾಳೆ ಎತ್ತಿ, ಬೆರಳು ಮಡಿಸುತ್ತ ಎಣಿಸಿದ. ನನ್ನ ಎದುರು ಎಂದೂ ದನಿ ಎತ್ತದವನು ಅಂದು ಎತ್ತಿದ.

"ಹತ್ತೊಂಬತ್ತು ದಿನ ಉಳಿದಿದೆ ಮಾಸ್ತರ್ರೇ! ಹದಿನೈದು ದಿನ ಬಿಟ್ಟು ಬನ್ನಿ ಅಂದಿದ್ದೆ. ಫೋನ್ ಮಾಡಿದ್ರೆ ಅಧಿಕಮಾಸ ಅಂದ್ರಿ. ಅವರೇ ದಾರಿ ಬಿಟ್ಟಿರಬೇಕು, ರಾಜಿ ಆಗಿರಬೇಕು ಅಂದ್ಕೊಂಡೆ ನಾನು."

ಅವನು ವಿವರಿಸಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ನ್ಯಾಯಾಧೀಶರು ತಮ್ಮ ನಿರ್ಣಯಕ್ಕೆ ಕಾರಣಗಳನ್ನು ಹೇಳಿ ಬರೆಯುವುದು ತೀರ್ಪು. ಆ ತೀರ್ಪಿನಿಂದ ಯಾರಿಗೆ ಯಾವ ಹಕ್ಕು ದಕ್ಕಿತು, ಯಾರು ಏನು ಮಾಡತಕ್ಕದ್ದು ಎಂಬಷ್ಟನ್ನೇ ತೆಗೆದು, ಕಾರಣಗಳನ್ನು ಬಿಟ್ಟು, ವಿಧಿವತ್ತಾಗಿ ಬರೆದು ಮೊಹರು ಹಾಕಿದ್ದು ಡಿಕ್ರಿ. ಜಾರಿಗೆ ಬರುವುದು ಡಿಕ್ರಿ, ತೀರ್ಪಲ್ಲ. ಅದೂ ತಾನಾಗಿ ಜಾರಿಗೆ ಬರುವುದಿಲ್ಲ. ಗೆದ್ದವನು ಅಮಲ್ಜಾರಿಗೆ ಅರ್ಜಿ ಹಾಕಬೇಕು. ಪಾಗಾರ ತೆಗೆಯತಕ್ಕದ್ದು ಎಂಬಂಥ ಆಜ್ಞೆಯಾದರೆ ಮೂರು ವರ್ಷದೊಳಗೆ ಹಾಕಬೇಕು. ಕಳೆದರೆ ಕಳೆಯಿತು.

ನಕಲಿಗೆ ಅರ್ಜಿ ಹಾಕಿದೆವು. ಹಳೆಯ ಕಡತ ದಾಖಲೆ ಕೋಣೆಗೆ ಹೋಗಿತ್ತು. ಕೋಣೆಯ ಬೀಗದ ಕೈ ಇದ್ದವರು ತರಬೇತಿಗೆ ಹೋಗಿದ್ದರು. ಅವರು ಬಂದ ದಿನ ವಿದ್ಯುತ್ ಇರಲಿಲ್ಲ, ನಕಲು ಯಂತ್ರ ನಡೆಯಲಿಲ್ಲ. ನಾಲ್ಕು ಸಲ ಸಿದ್ದಾಪುರಕ್ಕೆ ಹೋಗಿ ಬಂದೆ. ಐದನೆಯ ಸಲ ಡಿಕ್ರಿಯ ನಕಲು ಕೈಗೆ ಬಂತು. ಆಗ ಉಳಿದಿದ್ದುದು ಏಳು ದಿನ.

ಒಂದೂವರೆ ಪುಟ. ತೀರ್ಪಿನಲ್ಲಿ ನನಗೆ ಆನಂದ ಕೊಟ್ಟ ಪೂರ್ವಪಕ್ಷವಿಲ್ಲ, ಸಾಕ್ಷಿಗಳ ಚರ್ಚೆಯಿಲ್ಲ, ಒಂದು ಒಳ್ಳೆಯ ವಾಕ್ಯವಿಲ್ಲ. ವಾದಿ, ಪ್ರತಿವಾದಿ, ಸ್ಥಳದ ಚತುಸ್ಸೀಮೆ, ಆಮೇಲೆ ಎರಡು ಮಾತು. ಪ್ರತಿವಾದಿಯು ನಕಾಶೆಯಲ್ಲಿ ತೋರಿಸಿದ ಕಡೆ ಎಂಟು ಅಡಿ ಅಗಲ ಪಾಗಾರವನ್ನು ತೆಗೆಯತಕ್ಕದ್ದು. ಆ ದಾರಿಗೆ ಪ್ರತಿವಾದಿಯು ಎಂದೆಂದಿಗೂ ಅಡ್ಡಿಪಡಿಸತಕ್ಕದ್ದಲ್ಲ.

ಬಸ್ಸಿನಲ್ಲಿ ಅದನ್ನು ಓದುತ್ತ ಕುಳಿತವನಿಗೆ ನಾಚಿಕೆಯಿಂದ ಬೆವರು ಬಂತು. ವೇದವಾಕ್ಯಗಳಲ್ಲಿ ಎರಡು ಬಗೆಯಿವೆಯೆಂದು ಗುರುಗಳು ಮೊದಲ ವಾರವೇ ಹೇಳಿಕೊಟ್ಟಿದ್ದರು. 'ಇದನ್ನು ಮಾಡು' ಎನ್ನುವುದು ವಿಧಿ. ಏಕೆ ಮಾಡಬೇಕು, ಮಾಡಿದರೆ ಏನು ಶ್ರೇಯಸ್ಸು ಎಂದು ಕಥೆಯಾಗಿ, ಸ್ತುತಿಯಾಗಿ ಹೇಳುವುದು ಅರ್ಥವಾದ. ಅರ್ಥವಾದ ಎಷ್ಟು ಸುಂದರವಾಗಿದ್ದರೂ ಅದರ ಸಾರ್ಥಕತೆ ವಿಧಿಯ ಕಡೆಗೆ ನಮ್ಮನ್ನು ತಳ್ಳುವುದರಲ್ಲಿ ಮಾತ್ರ. ವಿಧಿಯನ್ನು ಕೈಬಿಟ್ಟು ಅರ್ಥವಾದವನ್ನು ಪಾರಾಯಣ ಮಾಡುತ್ತ ಕುಳಿತವನು ಮೂಢ. ಎಷ್ಟು ತಂಡದ ಹುಡುಗರಿಗೆ ಇದನ್ನು ಹೇಳಿದ್ದೇನೆ! ವಿಧಿಗೂ ನಿಷೇಧಕ್ಕೂ ಇರುವ ಭೇದವನ್ನೂ ಹೇಳಿದ್ದೇನೆ. 'ಸುಳ್ಳಾಡಬೇಡ' ಎಂಬ ನಿಷೇಧ ಬದುಕಿರುವ ತನಕ ಇರುತ್ತದೆ. 'ಬೆಳಗಿನ ಹೋಮವನ್ನು ಮಾಡು' ಎಂಬ ವಿಧಿಗೆ ಹೊತ್ತಿದೆ. ಹೊತ್ತು ಮೀರಿದ ಮೇಲೆ ಉಳಿಯುವುದು ಪ್ರಾಯಶ್ಚಿತ್ತ ಮಾತ್ರ. ಆ ಒಂದೂವರೆ ಪುಟದ ಎರಡು ಮಾತುಗಳೂ ಹಾಗೆಯೇ ಇದ್ದವು. ಅಡ್ಡಿಪಡಿಸಬಾರದು ಎಂಬುದಕ್ಕೆ ಕಾಲದ ಮಿತಿಯಿಲ್ಲ ಎಂದು ವಕೀಲ ಹೇಳಿದ್ದ. ಆದರೆ ಅದೊಂದನ್ನೇ ಹಿಡಿದು ಕಟ್ಟಿ ನಿಂತ ಗೋಡೆಯನ್ನು ಕೆಡವಲು ಹೋದರೆ ಇನ್ನೊಂದು ಐದು ವರ್ಷದ ವಾದ ಖಂಡಿತ ಎಂದೂ ಹೇಳಿದ್ದ. ಗೋಡೆಯನ್ನು ತೆಗೆಯತಕ್ಕದ್ದು ಎಂಬ ವಿಧಿಯ ಹೊತ್ತು ಏಳು ದಿನಕ್ಕೆ ಮುಗಿಯುತ್ತಿತ್ತು.

ಅರ್ಜಿ ಸಿದ್ಧವಾಯಿತು. ತಂಗಿಯ ಸಹಿಯೊಂದೇ ಬಾಕಿ. ಮರುದಿನ ಹೋಗಿ ಮಾಡಿಸಿಕೊಂಡು ಬರೋಣವೆಂದು ಮಲಗಿದವನಿಗೆ ಬೆಳಿಗ್ಗೆ ಅಳಿಯನ ಫೋನು ಬಂತು. ಯಲ್ಲಾಪುರ ತಾಲೂಕಿನ ಉಮ್ಮಚಗಿಯ ಕಡೆ ಹೋಗಿ ನೆಲೆಸಿದ ಅವರ ಕುಲದ ಕವಲಿನಲ್ಲಿ ಹಿರಿಯರೊಬ್ಬರು ತೀರಿಕೊಂಡಿದ್ದರು. ಹತ್ತು ದಿನ ಸೂತಕ. ಉಳಿದದ್ದು ಆರು ದಿನ.

ನಾನು ತಂಗಿಯ ತವರಿನ ಕಡೆಯವನಾದ್ದರಿಂದ ನನಗೆ ಆ ಸೂತಕವಿಲ್ಲ. ತಂಗಿಗೂ ಅಳಿಯನಿಗೂ ಪ್ರತಿವಾದಿಗೂ ಇದೆ. ವಾದಿ ಪ್ರತಿವಾದಿಗಳಿಬ್ಬರಿಗೂ ಒಂದೇ ಮೈಲಿಗೆ! ಸೂತಕದಲ್ಲಿ ಹೊಸ ಕಾರ್ಯಕ್ಕೆ ಕೈ ಹಾಕಬಾರದೆಂದು ಎಷ್ಟೋ ಮನೆಗಳಿಗೆ ಹೇಳಿ, ನಿಂತ ಮದುವೆಗಳನ್ನೂ ಕಂಡವನು ನಾನು. ವಕೀಲನಿಗೆ ಫೋನು ಮಾಡಿ, ಈ ಕಾರಣ ತಿಳಿಸಿ ನಾಲ್ಕು ದಿನ ಹೆಚ್ಚಿಗೆ ಕೇಳಲು ಬರುವುದೇ ಎಂದು ವಿಚಾರಿಸಿದೆ.

"ಮಾಸ್ತರ್ರೇ, ನೀವು ನನ್ನ ಗುರುಗಳು, ಅದಕ್ಕೇ ಮೆತ್ತಗೆ ಹೇಳ್ತೀನಿ. ಡಿಕ್ರಿಗೆ ಸೂತಕ ಇಲ್ಲ. ಅದಕ್ಕೆ ಹುಟ್ಟೂ ಇಲ್ಲ, ಸಾವೂ ಇಲ್ಲ, ಅಧಿಕಮಾಸನೂ ಇಲ್ಲ. ತಾರೀಖು ಒಂದೇ ಇರೋದು. ನಾಳೆ ಸಾಯಂಕಾಲದೊಳಗೆ ಸಹಿ ಆಗಿ ನನ್ನ ಮೇಜಿನ ಮೇಲೆ ಬರ್ಲಿಲ್ಲ ಅಂದ್ರೆ ನೀವೇ ಕರಿಕೋಟು ಹಾಕ್ಕೊಂಡು ವಾದ ಮಾಡಿ."

ಮೆತ್ತಗೆ ಹೇಳಿದ್ದು ಇದು.

ಕಾಗದಗಳನ್ನು ಹಿಡಿದು ತಂಗಿಯ ಮನೆಗೆ ಹೋದೆ. ಅವಳು ಮಂಚದ ಮೇಲೆ ಬಲಗಾಲು ಚಾಚಿ ಕುಳಿತಿದ್ದಳು; ಎಡಗಾಲಿನ ಮಂಡಿ ಹಲಸಿನಕಾಯಿಯಂತೆ ಊದಿತ್ತು. ಸೂತಕದ ಮಾತು ತೆಗೆದೆ. ಪರಿಹಾರವಾಗಿ ಏನಾದರೂ ಇದೆಯೇ ಎಂದು ಹಳೆಯ ನಿರ್ಣಯಗ್ರಂಥ ನೋಡುತ್ತಿದ್ದೇನೆ, ಒಂದು ದಿನ ಬೇಕು ಎಂದೆ.

"ಗ್ರಂಥ ನೋಡಕಿದ್ರೆ ಮೂರು ವರ್ಷ ಇತ್ತು," ಎಂದಳು. "ಸೂತಕದಲ್ಲಿ ಜನ ನಡೀತ್ವಿಲ್ಯನೋ, ಅಣ್ಣಯ್ಯ?"

"ನಡೀತ."

"ಉಣ್ತ?"

"ಉಣ್ತ."

"ಮತ್ತೆ? ಆನು ಕೇಳದು ಮದುವೆ ಮುಂಜಿ ಅಲ್ದಲ, ನಡೆಯಕ್ಕೆ ದಾರಿ. ಸೂತಕ ಯಂಗೂ ಇದ್ದು, ಭಾವಂಗೂ ಇದ್ದು. ಇಬ್ರೂ ಮೈಲಿಗೆಲಿ ಇಪ್ಪಗ ಯಾರಿಗೆ ಯಾರು ಹೆದರವು? ಪೆನ್ನು ಕೊಡು."

ನಾನು ಕೊಡಲಿಲ್ಲ. ಅವಳು ನನ್ನ ಜೇಬಿನಿಂದಲೇ ಎಳೆದುಕೊಂಡಳು. ಅವಳು ತೋರಿಸಿದ್ದು ಸರಿಯಾಗಿತ್ತು. ಸೂತಕ ತಡೆಯುವುದು ಶುಭಕಾರ್ಯಗಳನ್ನು, ಫಲ ಬಯಸಿ ಮಾಡುವ ಕರ್ಮಗಳನ್ನು. ಜೀವನಕ್ಕೆ ಬೇಕಾದ ನಡಿಗೆಯನ್ನು ಅದು ಎಂದೂ ತಡೆದಿಲ್ಲ. ಕೋರ್ಟಿನ ಅರ್ಜಿಯನ್ನು ಗೃಹಪ್ರವೇಶದ ಸಾಲಿಗೆ ಸೇರಿಸಿದವನು ನಾನು. ಯಾವ ಶಾಸ್ತ್ರವೂ ಸೇರಿಸಿರಲಿಲ್ಲ. ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟವಳು ನಾಲ್ಕು ಪ್ರಶ್ನೆಯಲ್ಲಿ ಅದನ್ನು ತೀರ್ಮಾನಿಸಿದಳು. ಅವಳು ಮುಟ್ಟಿದ ಕಾಗದವನ್ನು ಮುಟ್ಟಿದ್ದಕ್ಕೆ ಶಿರಸಿಗೆ ಬಂದು ಸ್ನಾನ ಮಾಡಿದೆ, ಅದು ಬೇರೆ ಮಾತು. ಅರ್ಜಿ ಮಾತ್ರ ಸ್ನಾನಕ್ಕಿಂತ ಮೊದಲೇ ಕೋರ್ಟಿಗೆ ಸೇರಿತ್ತು.

ಅಲ್ಲಿಗೆ ಮುಗಿಯಿತೆಂದು ತಿಳಿಯುವವರು ನಮ್ಮ ಕೋರ್ಟುಗಳನ್ನು ಬಲ್ಲವರಲ್ಲ. ಪ್ರತಿವಾದಿಗೆ ನೋಟೀಸು ಹೋಯಿತು. ಅವರು ಮನೆಯಲ್ಲಿಲ್ಲವೆಂದು ತಿರುಗಿ ಬಂತು, ಮನೆಯಲ್ಲೇ ಇದ್ದರು. ಮತ್ತೆ ಹೋಯಿತು. ಆಕ್ಷೇಪಣೆಗೆ ಒಂದು ವಾಯಿದೆ, ಆಕ್ಷೇಪಣೆ ಇ‍ಲ್ಲವೆನ್ನಲು ಇನ್ನೊಂದು ವಾಯಿದೆ. ಮತ್ತೆ ಅದೇ ಬಸ್ಸು, ಅದೇ ಕೈಚೀಲ ಇಟ್ಟು ಹಿಡಿದ ಜಾಗ. ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟೆ: ಸೋತದ್ದು ಗೊತ್ತಿದ್ದೂ ಗೋಡೆ ಏಕೆ ತೆಗೆಯಲಿಲ್ಲ?

"ತೆಗಿ ಹೇಳಿ ಯಾರೂ ಬಂದ್ವೇ ಇಲ್ಲೆ ಮಾಸ್ತರ್ರೇ," ಎಂದರು ಅವರು, ಸ್ವಲ್ಪ ಆಶ್ಚರ್ಯದಿಂದಲೇ. "ಊಟಕ್ಕೆ ಕರೆದ್ರಿ, ಬಂದಿ. ಗೋಡೆ ಸುದ್ದಿನೇ ಯಾರೂ ತೆಗದ್ವಿಲ್ಲೆ. ನಿಂಗಕ್ಕೇ ಬೇಡ್ದೇ ಹೋದ್ದು ಯಂಗೆಂತಕ್ಕೆ ಹೇಳಿ ಸುಮ್ಮಂಗಾದಿ."

ಉಳಿದ ಹಾದಿಯುದ್ದಕ್ಕೂ ನಾನು ಕಿಟಕಿಯ ಹೊರಗೆ ನೋಡಿದೆ.

ಕಡೆಗೆ ಗೋಡೆ ತೆಗೆಸುವ ಆದೇಶ ಹಿಡಿದು ಕೋರ್ಟಿನ ಅಮೀನ ಬಂದ. ಆ ದಿನ ಬೆಳಿಗ್ಗೆ ತಂಗಿಗೆ ಶಿರಸಿಗೆ ಹೋಗಬೇಕಿತ್ತು. ಎಡಗಾಲಿನ ಶಸ್ತ್ರಕ್ರಿಯೆಗೆ ಮುಂಚಿನ ಪರೀಕ್ಷೆಗೆ ವೈದ್ಯರು ಅಲ್ಲಿ ಸಿಗುವವರಿದ್ದರು. ದಾರಿ ತೆರೆದರೆ ಹೋಗುತ್ತೇನೆ, ಇಲ್ಲವಾದರೆ ಇಲ್ಲ ಎಂದು ಸೀರೆಯುಟ್ಟು ಜಗಲಿಯಲ್ಲಿ ಕುಳಿತಿದ್ದಳು. ರಿಕ್ಷಾ ಪಾಗಾರದಾಚೆ ನಿಂತಿತ್ತು. ಗೋಡೆ ಕೆಡವಲು ಹೇಳಿದ್ದ ಆಳುಗಳು ಬರಲಿಲ್ಲ. ವರ್ಷವಿಡೀ ಅವರಿಗೆ ಕೆಲಸ ಕೊಡುವವರು ಪ್ರತಿವಾದಿಯೇ. ಅಮೀನ ಗಡಿಯಾರ ನೋಡಿ, ಆಳಿಲ್ಲದಿದ್ದರೆ ವರದಿ ಬರೆದು ಹೋಗುತ್ತೇನೆ, ಮುಂದಿನ ತಾರೀಖಿಗೆ ನೋಡೋಣ ಎಂದ. ಆ 'ಮುಂದಿನ ತಾರೀಖು' ಎಂಬ ಮಾತು ಕೇಳಿ ನನ್ನ ಮೈ ಉರಿಯಿತು. ಅಳಿಯ ನೆಲ ನೋಡುತ್ತಿದ್ದ. ನಾನೇ ಹಾರೆ ತರಲು ಕೊಟ್ಟಿಗೆಯ ಕಡೆ ನಡೆದೆ.

ನಾನು ಬರುವಷ್ಟರಲ್ಲಿ ಪ್ರತಿವಾದಿ ಪಂಚೆ ಎತ್ತಿ ಕಟ್ಟಿ, ತಮ್ಮದೇ ಹಾರೆ ಹಿಡಿದು ನಿಂತಿದ್ದರು.

"ನಿಂಗ ಬಿಡಿ. ನಿಂಗ ಹಾರೆ ಹಾಕಿದ್ರೆ ಕಲ್ಲೆಲ್ಲ ಪುಡಿ ಆಗ್ತು. ಕಟ್ಟಿಸಿದ್ದು ಆನು, ಬಿಚ್ಚಕ್ಕೂ ಯಂಗೇ ಗೊತ್ತಿದ್ದು."

ಒಂದೊಂದೇ ಕಲ್ಲನ್ನು ಅಂಚು ಮುರಿಯದಂತೆ ಎಬ್ಬಿಸಿ ಅಂಗಳದ ಮೂಲೆಗೆ ಪೇರಿಸಿದರು. ಅಳಿಯ ಸ್ವಲ್ಪ ಹೊತ್ತು ನೋಡಿ, ಹೋಗಿ ಕಲ್ಲು ಹೊರಲು ಸೇರಿಕೊಂಡ. ಒಂದು ಗಂಟೆಯ ನಂತರ ಅಮೀನ ಟೇಪು ಹಿಡಿದ.

"ಏಳಡಿ ಹತ್ತಿಂಚು."

"ಸಾಕು, ರಿಕ್ಷಾ ಬತ್ತು," ಎಂದರು ಪ್ರತಿವಾದಿ ಬೆವರೊರೆಸುತ್ತ.

"ಎಂಟು ಹೇಳಿ ಬರೆದ್ದು, ಭಾವ," ಎಂದಳು ತಂಗಿ, ಜಗಲಿಯಿಂದಲೇ.

ಅವರು ಏನನ್ನೋ ಗೊಣಗಿ ಇನ್ನೊಂದು ಸಾಲಿನ ಕಲ್ಲುಗಳನ್ನೂ ಎಬ್ಬಿಸಿದರು. ಪಂಚನಾಮೆ ಬರೆದಾಯಿತು, 'ನಾನೇ ಸ್ವತಃ ತೆಗೆದಿರುತ್ತೇನೆ' ಎಂಬ ಸಾಲಿನ ಕೆಳಗೆ ಅವರು ಸಹಿ ಹಾಕಿದರು. ರಿಕ್ಷಾ ತಂಗಿಯ ಅಂಗಳದ ತನಕ ಬಂದು ತಿರುಗಿ ನಿಂತಿತು. ಊದಿದ ಕಾಲನ್ನು ಮಡಿಸಲಾಗದೆ ತಂಗಿ ಹಿಂದಿನ ಸೀಟಿನುದ್ದಕ್ಕೂ ಅದನ್ನು ಚಾಚಿ ಕುಳಿತಳು. ಜೊತೆಗೆ ಹೋಗಬೇಕಾದ ನಾನು ಎಲ್ಲಿ ಕೂರುವುದೆಂದು ನೋಡುತ್ತಿದ್ದೆ. ಚಾಲಕನ ಪಕ್ಕದಲ್ಲಿ ಅರ್ಧ ಜಾಗವಿತ್ತು. ಅಷ್ಟರಲ್ಲಿ ಅವಳು ತಲೆ ಹೊರಗೆ ಹಾಕಿದಳು.

"ಭಾವ, ಕೈಲಿ ರಕ್ತ ಬತ್ತಾ ಇದ್ದಲ! ಕಲ್ಲು ತಾಗ್ತನ? ಹತ್ತಿ ಬನ್ನಿ, ಯಂಗವು ಆಸ್ಪತ್ರೆಗೇ ಹೋಪದು. ಅಲ್ಲೇ ಪಟ್ಟಿ ಹಾಕಿಸ್ಕಂಡು ಬಪ್ಪಲಾಗ್ತು."

ಅವರು ತೋರುಬೆರಳನ್ನು ಪಂಚೆಯ ತುದಿಯಲ್ಲಿ ಸುತ್ತಿ ಹಿಡಿದಿದ್ದರು. ಒಮ್ಮೆ ಬೇಡವೆಂದರು. ಎರಡನೆಯ ಸಲ ಕರೆದಾಗ ಬಂದು ಚಾಲಕನ ಪಕ್ಕದಲ್ಲಿ, ನನಗೆಂದು ನಾನು ನೋಡಿಟ್ಟಿದ್ದ ಆ ಅರ್ಧ ಜಾಗದಲ್ಲಿ ಕುಳಿತರು.

"ಅಣ್ಣಯ್ಯ, ನೀನು ಬಸ್ಸಿಗೆ ಬಾ," ಎಂದಳು ತಂಗಿ. ರಿಕ್ಷಾ ಎಂಟಡಿಯ ದಾರಿಯಲ್ಲಿ ಎರಡೂ ಕಡೆ ತಾಗದೆ ಹೊರಟುಹೋಯಿತು. ಐದು ವರ್ಷದ ದಾವೆ, ಮೂರು ವರ್ಷದ ಪೂಜೆ, ಆಮೇಲಿನ ಅಷ್ಟೂ ವಾಯಿದೆಗಳ ಕಡತವನ್ನು ಕಂಕುಳಲ್ಲಿ ಹಿಡಿದುಕೊಂಡು, ರಿಕ್ಷಾ ಎಬ್ಬಿಸಿದ ಕೆಂಪು ಧೂಳಿನಲ್ಲಿ ನಾನು ರಸ್ತೆಯ ಕಡೆಗೆ ನಡೆದೆ.